ಎಲ್ಲರೂ ಕೂಡಿ ಹಾಡೋದು, ಬಾರಿಸೋದು ಹೇಗೆ? ಸಲಹೆ ಬೇಕು

ಧಾರವಾಡದಾಕಿ:
ನಮ್ಮ ಓಣಿಯ ಭಜನಾ ಮೇಳಕ್ಕೆ ಮೂವರು ಹೊಸಬರು ಸೇರಿದ್ದಾರೆ. ಹಾರ್ಮೋನಿಯಂ ನುಡಿಸುವ ಹುಡುಗನಿಗೆ ಕಣ್ಣು ಕಾಣುವುದಿಲ್ಲ. ಒಬ್ಬ ಹುಡುಗಿಗೆ ಕಿವಿ ಕೇಳುವುದಿಲ್ಲ, ಆದರೆ ಬಾರಿಸುವ ಹುಚ್ಚು ಬಹಳ. ಇನ್ನೊಬ್ಬರು ವೀಲ್‌ಚೇರ್‌ನಲ್ಲಿ ಬರುತ್ತಾರೆ, ದನಿ ಭಾರೀ ಚಲೋ. ಗಣೇಶನ ಹಬ್ಬಕ್ಕೆ "ಇವರದ್ದೇ ಒಂದು ಬೇರೆ ಐಟಂ ಇಡೋಣ, ಮಂದಿ ಚಪ್ಪಾಳೆ ಹೊಡೀತಾರೆ" ಅಂತ ಮೇಳದ ಕೆಲವರ ಹಟ. ನನಗೆ ಅದು ಸರಿ ಕಾಣುತ್ತಿಲ್ಲ. ಸ್ಟೇಜ್ ಬೇರೆ ಮೂರು ಅಡಿ ಎತ್ತರ, ಬರೀ ಮೆಟ್ಟಿಲು.

ಗದಗಿನವ:
ಬೇರೆ ಐಟಂ ಬೇಡವೇ ಬೇಡ ಅಕ್ಕಾರ. ನಮ್ಮೂರಿನ ಪಂಚಾಕ್ಷರಿ ಗವಾಯಿಗಳಿಗೂ ಪುಟ್ಟರಾಜ ಗವಾಯಿಗಳಿಗೂ ಕಣ್ಣು ಕಾಣುತ್ತಿರಲಿಲ್ಲ, 2010ರಲ್ಲಿ ಪುಟ್ಟರಾಜರಿಗೆ ಪದ್ಮಭೂಷಣ ಬಂತು, ಅದೇನು ಕನಿಕರಕ್ಕೆ ಕೊಟ್ಟಿದ್ದಾ? ಹುಡುಗನಿಗೆ ತೊಡಕಾಗೋದು ನಿಮ್ಮ ಕಣ್ಸನ್ನೆ. ತಲೆ ಆಡಿಸಿ "ಮುಗಿಸು" ಅಂದರೆ ಅವನಿಗೆ ಹೇಗೆ ಗೊತ್ತಾಗಬೇಕು? ತಬಲಾದವರು ತಿಹಾಯಿ (ಒಂದೇ ಪೆಟ್ಟಿನ ಗುಂಪನ್ನು ಮೂರು ಸಲ ಬಾರಿಸೋದು) ಕೊಟ್ಟರೆ ಪದ ಮುಗೀತು, ಮುಂದಿನ ನುಡಿಯ ಮೊದಲ ಶಬ್ದವನ್ನು ಮುಂದಾಳು ಎತ್ತಿ ಕೊಡಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ಅವನ ಮೈಕು, ವೈರು ಒಮ್ಮೆ ಇಟ್ಟ ಜಾಗದಿಂದ ಯಾರೂ ಸರಿಸಬಾರದು. ಇದನ್ನೇ ಎಲ್ಲರೂ ಮರೆಯೋದು.

ಜಗ್ಗಲಗಿ ಪ್ರೇಮಿ:
ಹುಡುಗಿಗೆ ತಾಳ ಬೇಡ, ಡೊಳ್ಳು ಕೊಟ್ಟು ನೋಡಿ. ಬ್ಯಾಹಟ್ಟಿಯ ಜಗ್ಗಲಗಿ, ಅದೇ ಆ ದೊಡ್ಡ ಚರ್ಮವಾದ್ಯ, ಅದರ ಹತ್ತಿರ ನಿಂತಿದ್ದೀರಾ? ಎದೆಯೊಳಗೇ ಗುಡುಗಿದ ಹಾಗೆ ಆಗುತ್ತದೆ. ಸ್ಕಾಟ್ಲೆಂಡಿನ ತಾಳವಾದ್ಯ ಕಲಾವಿದೆ ಎವೆಲಿನ್ ಗ್ಲೆನಿ ಅವರಿಗೂ ಕಿವಿ ಕೇಳುವುದಿಲ್ಲ, ನೆಲದ ಅದುರು ತಿಳಿಯಲಿ ಅಂತ ಬರಿಗಾಲಲ್ಲೇ ನಿಂತು ಬಾರಿಸುತ್ತಾರೆ. ಸಿಮೆಂಟ್ ನೆಲ ಅಷ್ಟು ಅದುರೋದಿಲ್ಲ, ಕಟ್ಟಿಗೆ ಹಲಗೆ ಹಾಕಿ. ಲಯ ಬದಲಾಗುವ ಕಡೆ ಎದುರಿಗೆ ಒಬ್ಬರು ಕೈಯಲ್ಲಿ ತಾಳದ ಎಣಿಕೆ ತೋರಿಸಲಿ. ಅವಳಿಗೆ ಏನು ಅನುಕೂಲ ಅಂತ ಅವಳನ್ನೇ ಕೇಳಿ, ಅಮ್ಮನನ್ನಲ್ಲ!

ಹುಬ್ಬಳ್ಳಿ ಅಕ್ಕ:
ನಾನೂ ವೀಲ್‌ಚೇರಿನವಳೇ. ರ‍್ಯಾಂಪ್ ಒಂದು ಅಡಿ ಏರಬೇಕಾದರೆ 12 ಅಡಿ ಉದ್ದ ಇರಬೇಕು, ಅಂದರೆ ನಿಮ್ಮ ಸ್ಟೇಜಿಗೆ 36 ಅಡಿ, ಓಣಿಯಲ್ಲಿ ಎಲ್ಲಿ ಹಾಕ್ತೀರಿ? "ನಾಲ್ಕು ಜನ ಸೇರಿ ಎತ್ತಿಬಿಡ್ತೀವಿ" ಅನ್ನಬೇಡಿ, ಬಿದ್ದರೆ ಕಷ್ಟ, ಮರ್ಯಾದೆಯೂ ಹೋಗುತ್ತದೆ. ಸುಮ್ನೆ ಎಲ್ಲರೂ ಕೆಳಗೇ ಕೂತು ಹಾಡಿ. ಆದರೆ ನೀವೆಲ್ಲ ಜಮಖಾನೆ ಮೇಲೆ ಕೂತರೆ ಅವರೊಬ್ಬರೇ ಮೇಲೆ ಉಳೀತಾರೆ, ಅದಕ್ಕೆ ಎಲ್ಲರಿಗೂ ಖುರ್ಚಿ ಹಾಕಿಸಿ. ಪ್ರಾಕ್ಟೀಸ್ ಮಹಡಿ ಮೇಲೆ ನಡೆಯುತ್ತಿದ್ದರೆ ಮೊದಲು ಅದನ್ನು ಕೆಳಗಿಳಿಸಿ.

ಧಾರವಾಡದಾಕಿ:
ಮಹಡಿ ಮೇಲೇ ನಡೀತಿದೆ ಅಕ್ಕಾರ, ನಾಳೆಯಿಂದ ನಮ್ಮ ಪಡಸಾಲೆಗೆ ತರ್ತೀನಿ. ಕೆಳಗೆ ಕೂತರೆ ಹಿಂದಿನವರಿಗೆ ಕಾಣೋದಿಲ್ಲ ಅಂತ ಕಮಿಟಿಯವರು ತಕರಾರು ತೆಗೀತಾರೆ, ಏನು ಹೇಳಲಿ?

ಗದಗಿನವ:
ಹಿಂದಿನವರಿಗೆ ಬೆಂಚು ಹಾಕಿಸಿ ಅನ್ನಿ.