ಕಾರ್ಬನ್ ಸ್ಟೀಲ್ ಚಾಕುವಿಗೆ ಸಾಸಿವೆ ಪ್ಯಾಟಿನಾ: ಚುಕ್ಕಿ ಇಟ್ಟಲ್ಲಿ ಕೆಂಪು ತುಕ್ಕು, ಒರೆಸಿದರೆ ಮಸಿ

ಬಿಸಿಲೆಮಳೆ (ಸಕಲೇಶಪುರ)

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಕುಲುಮೆಯಲ್ಲಿ ಲಾರಿ ಸ್ಪ್ರಿಂಗ್ ಪಟ್ಟಿಯಿಂದ ಒಂದು ಅಡುಗೆ ಚಾಕು ಮಾಡಿಸಿದ್ದೇನೆ. ಬಾಯಿ ಒಳ್ಳೆ ಹರಿತ ಇದೆ, ಹಿಡಿ ಬೀಟೆ ಮರದ್ದು. ದಿನಾ ಬಳಸುವ ಚಾಕುವೇ, ಆದರೆ ನೋಡಲೂ ಚಂದ ಇರಲಿ ಅಂತ ಅಲಗಿನ ಮೇಲೆ ಕಪ್ಪು ಚುಕ್ಕಿಗಳ ಪ್ಯಾಟಿನಾ (ಹುಳಿ ತಾಗಿಸಿ ಉಕ್ಕಿಗೆ ಬರಿಸುವ ಕಪ್ಪು ಪದರ) ಹಾಕಲು ಹೊರಟೆ. ಅಂಗಡಿಯ ಸಾಸಿವೆ ಸಾಸನ್ನು ಇಯರ್ ಬಡ್‌ನಲ್ಲಿ ಚುಕ್ಕಿ ಇಟ್ಟು, ರಾತ್ರಿ ಹಾಗೇ ಬಿಟ್ಟು, ಬೆಳಿಗ್ಗೆ ತೊಳೆದೆ.

ಕಪ್ಪು ಬರಬೇಕಾದ ಕಡೆ ಕಿತ್ತಳೆ ಬಣ್ಣದ ತುಕ್ಕು ಬಂದಿದೆ. ಅಲ್ಲಲ್ಲಿ ಕಪ್ಪಾಗಿದೆ, ಆದರೆ ಬಟ್ಟೆಯಲ್ಲಿ ಒರೆಸಿದರೆ ಮಸಿಯ ಹಾಗೆ ಬಟ್ಟೆಗೆ ಬರುತ್ತದೆ. ಹಿಡಿಯ ಹತ್ತಿರ ಬಣ್ಣ ಹತ್ತಲೇ ಇಲ್ಲ, ಬೋಳಾಗಿ ಹೊಳೆಯುತ್ತಿದೆ. ಇನ್ನೊಂದು ವಿಚಿತ್ರ: ಬಾಯಿಯಿಂದ ಒಂದು ಬೆರಳಿನಷ್ಟು ಮೇಲೆ ಉದ್ದಕ್ಕೂ ಅಲೆಅಲೆಯಾದ ಗೆರೆ ಕಾಣುತ್ತಿದೆ. ಮೊದಲು ಅದು ಇರಲಿಲ್ಲ. ಉಕ್ಕು ಬಿರುಕು ಬಿಟ್ಟಿದೆಯಾ ಅಂತ ಭಯ ಆಗಿದೆ. ಸರಿ ಮಾಡಬಹುದಾ?

ಕುಲುಮೆಪ್ರಿಯ (ಹಾಸನ)

ಸರಿ ಮಾಡಬಹುದು. ಮೊದಲು ಸ್ವಲ್ಪ ವಿವರ ಹೇಳಿ. ಸಾಸ್ ಬಾಟಲಿಯ ಮೇಲೆ ಏನೇನು ಹಾಕಿದ್ದಾರೆ ಅಂತ ಬರೆದಿದೆ? ಚುಕ್ಕಿ ಇಡುವ ಮೊದಲು ಅಲಗನ್ನು ಯಾವುದರಿಂದ ತೊಳೆದಿರಿ? ಆ ಗೆರೆಯ ಮೇಲೆ ಉಗುರು ಎಳೆದರೆ ಸಿಕ್ಕಿಕೊಳ್ಳುತ್ತದಾ?

ಬಿಸಿಲೆಮಳೆ

ಸಾಸಿವೆ, ವಿನೆಗರ್, ಉಪ್ಪು, ಅರಿಶಿನ ಅಂತ ಬರೆದಿದೆ. ಕುಲುಮೆಯವರು ಎಣ್ಣೆ ಸವರಿ ಕೊಟ್ಟಿದ್ದರು, ಅದನ್ನು ಬಟ್ಟೆಯಲ್ಲಿ ಒರೆಸಿ, ಸ್ನಾನದ ಸೋಪಿನಲ್ಲಿ ತೊಳೆದೆ. ಗೆರೆಗೆ ಉಗುರು ಸಿಗುವುದಿಲ್ಲ, ನುಣ್ಣಗೇ ಇದೆ. ಇಲ್ಲಿ ಜೋರು ಮಳೆ. ಬೆಳಿಗ್ಗೆ ನೋಡಿದಾಗಲೂ ಸಾಸ್ ಒಣಗಿರಲಿಲ್ಲ.

ಕುಲುಮೆಪ್ರಿಯ

ಹಾಗಾದರೆ ಗೆರೆಯ ವಿಷಯ ಮೊದಲು ಹೇಳುತ್ತೇನೆ, ನೀವು ಭಯಪಟ್ಟಿರುವುದು ಅದಕ್ಕೇ ಅಲ್ವಾ. ಅದು ಬಿರುಕಲ್ಲ. ನಿಮ್ಮ ಕಮ್ಮಾರರು ಇಡೀ ಅಲಗಿಗೆ ಹದ (ಕೆಂಪಗೆ ಕಾಯಿಸಿ ತಟ್ಟನೆ ತಣಿಸಿ ಗಟ್ಟಿ ಮಾಡುವುದು) ಕೊಡದೆ ಬಾಯಿಯ ಕಡೆಗೆ ಮಾತ್ರ ಕೊಟ್ಟಿದ್ದಾರೆ. ಬಾಯಿ ಗಟ್ಟಿ, ಬೆನ್ನು ಸ್ವಲ್ಪ ಮೆದು. ಹಾಗಾಗಿ ಬಾಯಿ ಹರಿತ ನಿಲ್ಲಿಸಿಕೊಳ್ಳುತ್ತದೆ, ಅಲಗು ಪಟ್ಟನೆ ಮುರಿಯುವುದಿಲ್ಲ. ಹದ ಬಿದ್ದ ಉಕ್ಕಿನ ಒಳರಚನೆಯೇ ಬೇರೆ, ಆದ್ದರಿಂದ ಹುಳಿ ತಾಗಿದಾಗ ಎರಡೂ ಕಡೆ ಬೇರೆ ಬೇರೆ ಬಣ್ಣ ಹಿಡಿಯುತ್ತದೆ. ಜಪಾನಿನ ಕತ್ತಿಗಳಲ್ಲಿ ಇದನ್ನು ಹಾಮೊನ್ ಅಂತ ಕರೆದು, ಅದು ಎದ್ದು ಕಾಣಲಿ ಅಂತಲೇ ಪಾಲಿಶ್ ಮಾಡುತ್ತಾರೆ. ನಿಮ್ಮ ಚಾಕುವಿನಲ್ಲಿ ಇರುವ ಅತ್ಯಂತ ಚೆಂದದ ಗುರುತು ಅದೇ. ದಯವಿಟ್ಟು ಅದರ ಮೇಲೆ ಚುಕ್ಕಿ ತುಂಬಬೇಡಿ. ಗೆರೆಯಿಂದ ಆಚೆ, ಬೆನ್ನಿನ ಕಡೆಗೆ ಮಾತ್ರ ಚುಕ್ಕಿ ಇಡಿ.

ಈಗ ತುಕ್ಕು. ಕೆಂಪು ತುಕ್ಕಾಗಲಿ, ನಮಗೆ ಬೇಕಾದ ಕಪ್ಪಾಗಲಿ, ಹೆಚ್ಚಿನಂಶ ಕಬ್ಬಿಣದ ಆಕ್ಸೈಡೇ. ಕೆಂಪಿನದು ಸಡಿಲ. ತೇವ ಹಿಡಿದಿಟ್ಟುಕೊಂಡು ಅಡಿಯ ಉಕ್ಕನ್ನು ತಿನ್ನುತ್ತಲೇ ಹೋಗುತ್ತದೆ. ಕಪ್ಪು ಮ್ಯಾಗ್ನಟೈಟ್ ಉಕ್ಕಿಗೆ ಅಂಟಿ ಕೂರುತ್ತದೆ, ಕೆಂಪು ತುಕ್ಕು ಬರುವುದನ್ನು ನಿಧಾನ ಮಾಡುತ್ತದೆ. ಯಾವುದು ಬರಬೇಕು ಅನ್ನುವುದು ಹುಳಿ ಎಷ್ಟಿದೆ, ಎಷ್ಟು ಹೊತ್ತು ಬಿಟ್ಟಿರಿ, ಜೊತೆಗೆ ಉಪ್ಪು ಇದೆಯಾ ಅನ್ನುವುದರ ಮೇಲೆ ಹೋಗುತ್ತದೆ. ನಿಮ್ಮ ಸಾಸಿನಲ್ಲಿ ಉಪ್ಪಿದೆ. ಉಪ್ಪಿನ ಕ್ಲೋರೈಡ್ ಕಪ್ಪು ಪದರವನ್ನು ಕೂರಲು ಬಿಡುವುದಿಲ್ಲ, ಉಕ್ಕಿನಲ್ಲಿ ಸಣ್ಣ ಗುಳಿ ಕೊರೆಯುತ್ತದೆ. ಮೇಲಿಂದ ಮಳೆಗಾಲ. ಬೇಸಿಗೆಯಲ್ಲಿ ಬೇಗ ಒಣಗಿ ತಾನೇ ನಿಲ್ಲುವ ಕೆಲಸ, ನಿಮ್ಮಲ್ಲಿ ರಾತ್ರಿಯಿಡೀ ನಡೆದಿದೆ. ಬಟ್ಟೆಗೆ ಬರುವ ಮಸಿಯೂ ಇದರದ್ದೇ ಫಲ. ಹುಳಿ ಜಾಸ್ತಿ ತಿಂದಾಗ ಮೇಲೆ ಸಡಿಲವಾದ ಪುಡಿ ಉಳಿಯುತ್ತದೆ. ಅದನ್ನು ಪ್ಯಾಟಿನಾ ಅನ್ನಲು ಆಗುವುದಿಲ್ಲ.

ಹಿಡಿಯ ಹತ್ತಿರ ಹತ್ತದಿರುವುದು ಎಣ್ಣೆಯಿಂದ. ಸ್ನಾನದ ಸೋಪಿಗೆ ಆ ಎಣ್ಣೆ ಹೋಗುವುದಿಲ್ಲ, ಸೋಪು ತನ್ನದೇ ಒಂದು ಪದರ ಬಿಡುತ್ತದೆ.

ಹೀಗೆ ಮಾಡಿ. 400 ನಂಬರಿನ ವಾಟರ್ ಪೇಪರನ್ನು ನೀರಿನಲ್ಲಿ ನೆನೆಸಿ ತುಕ್ಕನ್ನು ಪೂರ್ತಿ ತೆಗೆಯಿರಿ. ಆಮೇಲೆ 600, ಆಮೇಲೆ 800. ಉಜ್ಜುವಾಗ ಹಿಡಿಯಿಂದ ತುದಿಯ ಕಡೆಗೆ ಒಂದೇ ದಿಕ್ಕಿನಲ್ಲಿ ಎಳೆಯಿರಿ. ಸುತ್ತಿ ಸುತ್ತಿ ಉಜ್ಜಿದ ಗೀರುಗಳು ಪ್ಯಾಟಿನಾ ಬಂದ ಮೇಲೆ ಎದ್ದು ಕಾಣುತ್ತವೆ. ಬಾಯಿ ನಿಮ್ಮ ಬೆರಳಿನ ಕಡೆ ಇರದ ಹಾಗೆ, ಅಲಗನ್ನು ಹಲಗೆಯ ಮೇಲೆ ಮಲಗಿಸಿ ಈ ಕೆಲಸ ಮಾಡಿ. ನಂತರ ಪಾತ್ರೆ ತೊಳೆಯುವ ಲಿಕ್ವಿಡ್‌ನಲ್ಲಿ ತೊಳೆದು, ಒಣಗಿಸಿ, ಅಸಿಟೋನ್ ಹಾಕಿದ ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆ ಬಿಳಿಯಾಗೇ ಉಳಿಯುವ ತನಕ ಬಿಡಬೇಡಿ. ಅಸಿಟೋನ್ ಇಟ್ಟುಕೊಂಡು ಒಲೆಯ ಹತ್ತಿರ ಮಾತ್ರ ಹೋಗಬೇಡಿ.

ಎಣ್ಣೆ ಹೋಗಿದೆಯಾ ಅಂತ ನೀರೇ ಹೇಳುತ್ತದೆ. ಅಲಗಿನ ಮೇಲೆ ನೀರು ಬಿಟ್ಟಾಗ ಒಂದೇ ಪರದೆಯಾಗಿ ಹರಡಬೇಕು. ಎಲ್ಲಾದರೂ ಹನಿಹನಿಯಾಗಿ ನಿಂತರೆ ಅಲ್ಲಿ ಇನ್ನೂ ಜಿಡ್ಡಿದೆ. ಈ ಪರೀಕ್ಷೆ ಪಾಸಾದ ಮೇಲೆ ಬರಿಗೈಯಲ್ಲಿ ಅಲಗು ಮುಟ್ಟಬೇಡಿ. ಬೆರಳಿನ ಗುರುತೂ ಅಚ್ಚಾಗಿ ಉಳಿಯುತ್ತದೆ.

ಸಾಸ್ ಬೇಡ. ಸಾಸಿವೆ ಕಾಳನ್ನು ಬಿಳಿ ವಿನೆಗರ್‌ನಲ್ಲಿ ನೆನೆಸಿ ನುಣ್ಣಗೆ ರುಬ್ಬಿ, ಉಪ್ಪು ಹಾಕಬೇಡಿ. ನಿಜವಾಗಿ ಕೆಲಸ ಮಾಡುವುದು ವಿನೆಗರ್. ಅದು ಜಾರಿ ಹೋಗದ ಹಾಗೆ ಹಿಡಿದಿಡಲು ಸಾಸಿವೆ ಬೇಕು, ಅಷ್ಟೇ. ಅಲಗನ್ನು ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ ಒರೆಸಿ ಚುಕ್ಕಿ ಇಡಿ. ತೆಳುವಾಗಿ ಇಡಿ. ಗುಡ್ಡೆ ಹಾಕಿದರೆ ನಡುವೆ ಗಾಳಿ ತಾಗದೆ ಪೇಲವ ಆಗುತ್ತದೆ, ಅಂಚು ಮಾತ್ರ ಕಪ್ಪಾಗುತ್ತದೆ. ಕೆಲವರು ಆ ಉಂಗುರ ಬೇಕು ಅಂತಲೇ ದಪ್ಪಗೆ ಇಡುತ್ತಾರೆ, ಅದು ನಿಮ್ಮ ಇಷ್ಟ. ಫ್ಯಾನಿನ ಕೆಳಗೆ ಇಟ್ಟು, 20 ರಿಂದ 30 ನಿಮಿಷಕ್ಕೆ ತೊಳೆದುಬಿಡಿ. ತೊಳೆದ ಕೂಡಲೇ ಅಡಿಗೆ ಸೋಡಾ ಕರಗಿಸಿದ ನೀರಿನಲ್ಲಿ ಅದ್ದಿ ಹುಳಿ ನಿಲ್ಲಿಸಿ. ಬಣ್ಣ ಸಾಲದಿದ್ದರೆ ಮತ್ತೆ ಚುಕ್ಕಿ ಇಡಿ, ಅದೇ ಜಾಗದಲ್ಲೇ ಆಗಬೇಕು ಅಂತಿಲ್ಲ. ಒಂದರ ಮೇಲೊಂದು ಬಿದ್ದಷ್ಟೂ ಆಳ ಬರುತ್ತದೆ. ಒಂದೇ ಸಲ ಹೆಚ್ಚು ಹೊತ್ತು ಬಿಡುವುದಕ್ಕಿಂತ ಇದು ಎಷ್ಟೋ ಮೇಲು.

ಕೊನೆಗೆ ಅಲಗಿನ ಮೇಲೆ ಕುದಿಯುವ ನೀರು ನಿಧಾನವಾಗಿ ಸುರಿಯಿರಿ. ಬಂದೂಕಿನ ನಳಿಗೆಗೆ ಕಪ್ಪು ಬಣ್ಣ ಕೊಡುವ ಹಳೆಯ ಪದ್ಧತಿಯಲ್ಲೂ ಬೇಕೆಂದೇ ತುಕ್ಕು ಹಿಡಿಸಿ ನೀರಿನಲ್ಲಿ ಕುದಿಸುತ್ತಾರೆ. ಕುದಿಯುವ ನೀರಿನಲ್ಲಿ ಕೆಂಪು ಆಕ್ಸೈಡ್ ಕಪ್ಪು ಮ್ಯಾಗ್ನಟೈಟ್ ಆಗುತ್ತದೆ. ಹಿಡಿ ಇರುವ ಚಾಕುವನ್ನು ಕುದಿಸಲು ಆಗುವುದಿಲ್ಲ, ಬೀಟೆ ಹಾಳಾಗುತ್ತದೆ. ಸುರಿದರೆ ಅಷ್ಟು ಪೂರ್ತಿಯಾಗಿ ಬದಲಾಗುವುದಿಲ್ಲ, ಆದರೂ ಉಪಯೋಗ ಇದೆ, ಅಲಗು ಬೇಗ ಒಣಗುತ್ತದೆ ಕೂಡ. ಮಳೆನೀರು ಹಿಡಿದಿಟ್ಟಿದ್ದರೆ ಅದನ್ನೇ ಕುದಿಸಿ. ಅರಸೀಕೆರೆ ಕಡೆಯ ಬೋರ್‌ವೆಲ್ ನೀರಾದರೆ ಬಿಳಿ ಕಲೆ ನಿಲ್ಲುತ್ತದೆ. ಅಂಥವರು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತರಬೇಕು.

ಬಿಸಿಲೆಮಳೆ

ಗೆರೆಯ ವಿಷಯ ಓದಿ ಜೀವ ಬಂತು ಸರ್. ಕುದಿಯುವ ನೀರಿಗೆ ಹದ ಹೋಗುವುದಿಲ್ಲವಾ?

ಕುಲುಮೆಪ್ರಿಯ

ಇಲ್ಲ. ಹದ ಕೊಟ್ಟ ಮೇಲೆ, ಪಟ್ಟನೆ ಮುರಿಯದಿರಲಿ ಅಂತ ಅಲಗನ್ನು ಮತ್ತೆ ಮೆಲ್ಲಗೆ ಕಾಯಿಸುವುದು ಸಾಮಾನ್ಯವಾಗಿ 180 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ. ನೀರು 100 ದಾಟುವುದಿಲ್ಲ. ಹದ ಹೋಗುವುದು ನೀರಿಲ್ಲದೆ ಗ್ರೈಂಡರ್‌ಗೆ ಒತ್ತಿ ಹಿಡಿದು ಬಾಯಿ ನೀಲಿ ಆದಾಗ. ಅದರ ಬಗ್ಗೆ ಎಚ್ಚರ ಇರಲಿ.

ಚೊಗರುಕೈ (ಕೊಪ್ಪ)

ಒಂದು ಮಾತು ಸೇರಿಸುತ್ತೇನೆ. ನಮ್ಮ ಕಡೆ ಅಡಿಕೆ ಸುಲಿಯುವ ಕತ್ತಿ ನೋಡಿ, ಯಾರೂ ಪ್ಯಾಟಿನಾ ಹಾಕಿಲ್ಲ, ಆದರೂ ಕಡುಕಪ್ಪು. ಅದು ಅಡಿಕೆಯ ಟ್ಯಾನಿನ್ (ಒಗರಿನ ಅಂಶ) ಕಬ್ಬಿಣಕ್ಕೆ ಸೇರಿ ಆಗುವ ಬಣ್ಣ. ಬಾಳೆಕಾಯಿ, ಬಾಳೆದಿಂಡು ಹೆಚ್ಚಿದಾಗ ಚಾಕು ಕಪ್ಪಾಗುವುದೂ ಇದರಿಂದಲೇ. ಅಳಲೆಕಾಯಿ ಕಷಾಯಕ್ಕೆ ಕಬ್ಬಿಣ ಸೇರಿಸಿ ಹಿಂದಿನವರು ಶಾಯಿ ಮಾಡುತ್ತಿದ್ದರು. ವಿನೆಗರ್ ಚುಕ್ಕಿ ತೊಳೆದು, ಸೋಡಾ ಹಾಕುವ ಮೊದಲು, ತಿಳಿ ಚೊಗರನ್ನು (ಅಡಿಕೆ ಬೇಯಿಸಿದ ನೀರು) ಬಟ್ಟೆಯಲ್ಲಿ ಸವರಿ ನೋಡಿ. ಬೂದು ಬಣ್ಣ ನೀಲಿಗಪ್ಪಿಗೆ ತಿರುಗುತ್ತದೆ.

ಚೊಗರು ಸಿಗದಿದ್ದರೆ ಕಾಫಿ ಇದೆಯಲ್ಲ. ರೋಬಸ್ಟಾ ಆಗಬೇಕು. ಟ್ಯಾನಿನ್ ಹಾಗೇ ಕಬ್ಬಿಣಕ್ಕೆ ಸೇರಿ ಬಣ್ಣ ಕೊಡುವ ಕ್ಲೋರೊಜೆನಿಕ್ ಆಮ್ಲ ಅರೇಬಿಕಾಗಿಂತ ಅದರಲ್ಲಿ ಜಾಸ್ತಿ, ಕಡಿಮೆ ಹುರಿದಷ್ಟೂ ಅದು ಉಳಿಯುತ್ತದೆ. ಚಿಕೋರಿ ಬೆರೆಸಿದ ಪುಡಿ ಬೇಡ. ಗಟ್ಟಿ ಡಿಕಾಕ್ಷನ್ ಮಾಡಿ, ಎತ್ತರದ ಗಾಜಿನ ಲೋಟದಲ್ಲಿ ಅಲಗನ್ನು ಕೆಲವು ಗಂಟೆ ನಿಲ್ಲಿಸಿ. ಅಲ್ಯೂಮಿನಿಯಂ ಪಾತ್ರೆ ಬೇಡವೇ ಬೇಡ.

ಹೇಮಾವತಿದಂಡೆ (ಹಾಸನ)

ಫೆರಿಕ್ ಕ್ಲೋರೈಡ್ ಹಾಕಿದರೆ ಇಷ್ಟೆಲ್ಲ ಕಷ್ಟ ಇಲ್ಲ ಅಲ್ವಾ? ಸರ್ಕ್ಯೂಟ್ ಬೋರ್ಡ್‌ಗೆ ಅಂತ ಮಾರುತ್ತಾರಲ್ಲ, ಅದು.

ಕುಲುಮೆಪ್ರಿಯ

ಗೆರೆ ಆಳವಾಗಿ ಕೊರೆಯಬೇಕು ಅನ್ನುವವರಿಗೆ ಅದು ಸರಿ. ನೈಲ್ ಪಾಲಿಶ್‌ನಲ್ಲಿ ಎಲೆ, ಬಳ್ಳಿ ಬಿಡಿಸಿ, ಅದ್ದಿ ತೆಗೆದರೆ ಬಣ್ಣ ಹಚ್ಚಿದ ಜಾಗ ಎತ್ತರವಾಗಿ ಉಳಿಯುತ್ತದೆ. ಆದರೆ ಅದಕ್ಕೆ ಕೈಗವಸು, ಕನ್ನಡಕ, ಬೇರೆಯದೇ ಪ್ಲಾಸ್ಟಿಕ್ ಡಬ್ಬಿ ಬೇಕು. ಬಳಸಿದ ದ್ರಾವಣವನ್ನು ಮೋರಿಗೋ ತೋಟಕ್ಕೋ ಚೆಲ್ಲುವ ಹಾಗಿಲ್ಲ. ಅದೂ ಕ್ಲೋರೈಡೇ, ಸರಿಯಾಗಿ ತೊಳೆಯದಿದ್ದರೆ ಮತ್ತೆ ತುಕ್ಕು. ಅಡುಗೆಮನೆ ಚಾಕುವಿಗೆ ವಿನೆಗರ್, ಕಾಫಿ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಬಿಸಿಲೆಮಳೆ

ಎಲ್ಲರಿಗೂ ಧನ್ಯವಾದ. ಹೇಳಿದ ಹಾಗೇ ಮಾಡಿದೆ. ನೀರು ಹರಡುವ ಪರೀಕ್ಷೆಯಲ್ಲಿ ಹಿಡಿಯ ಹತ್ತಿರ ಹನಿ ನಿಂತೇ ನಿಂತಿತು. ಅಸಿಟೋನ್‌ನಲ್ಲಿ ಮತ್ತೆ ಮತ್ತೆ ಒರೆಸಿದ ಮೇಲೆ ಸರಿಹೋಯಿತು. ಈಗ ಚುಕ್ಕಿಗಳ ಅಂಚು ನೀಲಿಗಪ್ಪು, ನಡುವೆ ಬೂದು. ಗೆರೆಯ ಕೆಳಗೆ ಏನೂ ಇಟ್ಟಿಲ್ಲ, ಅದು ಅಷ್ಟು ಚೆಂದ ಕಾಣುತ್ತಿದೆ. ಒರೆಸಿದರೆ ಮಸಿ ಬರುತ್ತಿಲ್ಲ. ಈ ಮಳೆಗಾಲಕ್ಕೆ ಯಾವ ಎಣ್ಣೆ ಹಚ್ಚಲಿ? ಮನೆಯಲ್ಲಿ ಅಜ್ಜಿಯ ಹಳೆಯ ಚಾಕು ಒಂದಿದೆ, ಅದಕ್ಕೂ ಹೀಗೇ ಮಾಡಬಹುದಾ?

ಕುಲುಮೆಪ್ರಿಯ

ಮೆಡಿಕಲ್ ಶಾಪಿನ ಲಿಕ್ವಿಡ್ ಪ್ಯಾರಾಫಿನ್ ತನ್ನಿ, ಸಾದಾ ಇರುವುದು, ಬೇರೇನೂ ಸೇರಿಸದ್ದು. ಅಡುಗೆ ಎಣ್ಣೆಯ ಹಾಗೆ ಅಂಟಾಗುವುದಿಲ್ಲ, ವಾಸನೆ ಬರುವುದಿಲ್ಲ. ಒಂದೆರಡು ಹನಿ ಸವರಿ ಒರೆಸಿದರೆ ಸಾಕು. ಬಳಸಿದ ಕೂಡಲೇ ತೊಳೆದು ಒರೆಸಿ. ಚರ್ಮದ ಒರೆಯಲ್ಲಿ ಇಡಬೇಡಿ, ತೇವ ಹಿಡಿಯುತ್ತದೆ. ಶುರುವಿನಲ್ಲಿ ಈರುಳ್ಳಿ ಸ್ವಲ್ಪ ಕಪ್ಪಾಗಬಹುದು, ಬರಬರುತ್ತಾ ನಿಲ್ಲುತ್ತದೆ.

ಅಜ್ಜಿಯ ಚಾಕುವಿನ ಬೆನ್ನಿನ ಹತ್ತಿರ ಚೆನ್ನಾಗಿ ತೊಳೆದು ಒಂದು ಹನಿ ನಿಂಬೆರಸ ಬಿಟ್ಟು ಹತ್ತು ನಿಮಿಷ ಕಾಯಿರಿ. ಬೂದು ಕಲೆ ಬಿದ್ದರೆ ಕಾರ್ಬನ್ ಸ್ಟೀಲ್, ಹಾಕಬಹುದು. ಏನೂ ಆಗದಿದ್ದರೆ ಸ್ಟೇನ್‌ಲೆಸ್, ಅದಕ್ಕೆ ಈ ಬಣ್ಣ ಹತ್ತುವುದಿಲ್ಲ. ಅಯಸ್ಕಾಂತ ಹಿಡಿದು ನೋಡಿ ತೀರ್ಮಾನ ಮಾಡಬೇಡಿ, ಚಾಕುವಿನ ಸ್ಟೇನ್‌ಲೆಸ್ ಕೂಡ ಅಯಸ್ಕಾಂತಕ್ಕೆ ಅಂಟುತ್ತದೆ.