ಪದಚರ್ಚೆ: ಅಂಡರ್‌ಗ್ರೌಂಡ್ ರ‍್ಯಾಪನ್ನ ‘ಭೂಗತ’ ಅಂದ್ರೆ ಡಾನ್ ನೆನಪಾಗ್ತಾನೆ, ಬೇರೆ ಏನನ್ನಬಹುದು?

ಎಲ್ಲರಿಗೂ ನಮಸ್ಕಾರ. ನ್ಯೂಯಾರ್ಕ್ ರಾಜ್ಯದ ರ‍್ಯಾಪ್ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೀತಿದೀನಿ. 2010ರಿಂದೀಚೆಗೆ ಅಲ್ಲಿನ ಅಂಡರ್‌ಗ್ರೌಂಡ್ ಸ್ಟ್ರೀಟ್ ರ‍್ಯಾಪ್ ಮತ್ತೆ ಹೇಗೆ ಎದ್ದು ನಿಂತ್ಕೊಳ್ತು, ಅದರ ಹಿಂದೆ ಏನೇನಿತ್ತು ಅನ್ನೋದು ವಿಷಯ. ಮ್ಯಾಟರ್ ಎಲ್ಲಾ ತಲೇಲಿದೆ, ಆದ್ರೆ ಅಂಡರ್‌ಗ್ರೌಂಡ್, ಸ್ಟ್ರೀಟ್, ರಿವೈವಲ್, ಇನ್‌ಫ್ಲುಯೆನ್ಸ್ ಈ ನಾಲ್ಕು ಪದಾನೂ ಕನ್ನಡಕ್ಕೆ ತಂದ ತಕ್ಷಣ ಬೇರೇನೋ ಹೇಳೋಕೆ ಶುರು ಮಾಡ್ತವೆ, ಅದಕ್ಕೇ ಇಲ್ಲಿ ಕೇಳ್ತಿದೀನಿ.

ದೊಡ್ಡ ತಲೆನೋವು ‘ಭೂಗತ’. ಪೇಪರ್ ಓದಿ ಬೆಳೆದ ನಮಗೆ ಭೂಗತ ಅಂದ್ರೆ ಅದರ ಹಿಂದೇನೇ ಲೋಕ, ಪಾತಕಿ, ದೊರೆ ಇವೆಲ್ಲ ಬಂದ್ಬಿಡುತ್ತೆ. ‘ಭೂಗತ ರ‍್ಯಾಪರ್’ ಅಂತ ಹೆಡ್ಡಿಂಗ್ ಕೊಟ್ರೆ ಓದೋರು ಅವನ ಮೇಲೆ ಎಷ್ಟು ಕೇಸಿದೆ ಅಂತ ಹುಡುಕ್ತಾರೆ ಹೊರತು ಹಾಡು ಹುಡುಕಲ್ಲ. ಮಾತಲ್ಲಂತೂ ‘ಅವನು ಅಂಡರ್‌ಗ್ರೌಂಡ್ ಆಗವ್ನೆ’ ಅಂದ್ರೆ ಸಾಲ ಕೊಟ್ಟವರ ಕಾಟಕ್ಕೋ ಪೊಲೀಸರ ಕಾಟಕ್ಕೋ ತಲೆಮರೆಸ್ಕೊಂಡಿದಾನೆ ಅಂತಲೇ ಅರ್ಥ. 1942ರ ಚಳವಳಿ, 1975ರ ಎಮರ್ಜೆನ್ಸಿ ಬಗ್ಗೆ ಬರೆಯೋರು ‘ಭೂಗತ ಪತ್ರಿಕೆ’, ‘ಭೂಗತ ಚಟುವಟಿಕೆ’ ಅಂತ ಬಳಸ್ತಾರೆ, ನನಗೆ ಬೇಕಾದ ಅರ್ಥಕ್ಕೆ ಅದು ಸ್ವಲ್ಪ ಹತ್ರಾನೇ, ಆದ್ರೂ ಅಲ್ಲಿ ಸರ್ಕಾರಕ್ಕೆ ಹೆದರಿ ಅಡಗೋದು ಮುಖ್ಯ. ರ‍್ಯಾಪಲ್ಲಿ ಯಾರೂ ಅಡಗಿರಲ್ಲ, ದೊಡ್ಡ ಕಂಪನಿ ಮತ್ತೆ ರೇಡಿಯೋ ಇವರ ಕಡೆ ತಿರುಗಿ ನೋಡ್ತಿರಲ್ಲ ಅಷ್ಟೇ.

ಉದಾಹರಣೆಗೆ ಕಾ ಅಂತ ಒಬ್ರು ರ‍್ಯಾಪರ್ ಇದ್ರು. ಬ್ರೂಕ್ಲಿನ್‌ನ ಬ್ರೌನ್ಸ್‌ವಿಲ್‌ನವರು, ನಿಜವಾದ ಹೆಸರು ಕಸೀಮ್ ರಯನ್. ಕೆಲಸ ನ್ಯೂಯಾರ್ಕ್ ಅಗ್ನಿಶಾಮಕ ದಳದಲ್ಲಿ, ಅಲ್ಲಿ ಕ್ಯಾಪ್ಟನ್ ಆಗಿದ್ರು. ಡ್ಯೂಟಿ ಮಾಡ್ತಾನೇ ಸ್ವಂತ ದುಡ್ಡಲ್ಲಿ ಆಲ್ಬಮ್ ಮಾಡಿ, ಬೀಟ್ (ಮಾತಿನ ಹಿಂದೆ ಓಡೋ ಸಂಗೀತ) ಎಷ್ಟೋ ಸಲ ತಾವೇ ಹಾಕ್ಕೊಂಡು, ವಿಡಿಯೋನೂ ತಾವೇ ತೆಗೆದು, ಆಲ್ಬಮ್ ಬಂದ ದಿನ ರಸ್ತೆ ಬದಿ ನಿಂತು ಬಂದವರಿಗೆ ಕೈಯಾರೆ ಮಾರ್ತಿದ್ರು. 2024ರ ಅಕ್ಟೋಬರಲ್ಲಿ 52ನೇ ವಯಸ್ಸಿಗೆ ತೀರ್ಕೊಂಡ್ರು. ಸರ್ಕಾರಿ ಸಂಬಳ ತಗೊಂಡು ಬೆಂಕಿ ಆರಿಸ್ತಿದ್ದ ಮನುಷ್ಯನ್ನ ‘ಭೂಗತ ಗಾಯಕ’ ಅಂತ ಹೇಗ್ರೀ ಬರೀಲಿ?

ಇದಕ್ಕೆ ಉಲ್ಟಾ ಕೇಸೂ ಇದೆ. ಇದೇ ಕಥೆಯ ಇನ್ನೊಂದು ಮುಖ್ಯ ತಂಡ ಬಫಲೋ ಊರಿನ ಗ್ರಿಸೆಲ್ಡಾ ರೆಕಾರ್ಡ್ಸ್, 2012ರಲ್ಲಿ ಶುರುವಾಗಿದ್ದು. ವೆಸ್ಟ್‌ಸೈಡ್ ಗನ್, ಅವನ ಸೋದರ ಕಾನ್ವೇ ದ ಮಷೀನ್, ಇಬ್ಬರ ಕಸಿನ್ ಬೆನ್ನಿ ದ ಬುಚರ್. ಲೇಬಲ್ (ಹಾಡು ಹೊರತರೋ ಕಂಪನಿ) ಹೆಸರು ಗ್ರಿಸೆಲ್ಡಾ ಬ್ಲಾಂಕೋ ಅನ್ನೋ ಕೊಲಂಬಿಯಾದ ಕೊಕೇನ್ ರಾಣಿಯದ್ದು. ಹಾಡಲ್ಲಿ ಬರೋದೆಲ್ಲ ಡ್ರಗ್ಸ್ ಮಾರಾಟ, ಜೈಲು, ಗುಂಡು. ಕಾನ್ವೇಗೆ 2012ರಲ್ಲಿ ನಿಜವಾಗ್ಲೂ ತಲೆಗೆ, ಕುತ್ತಿಗೆಗೆ ಗುಂಡು ಬಿದ್ದು ಮುಖದ ಒಂದು ಪಕ್ಕ ಸ್ವಾಧೀನ ತಪ್ಪಿದೆ, ಆ ಬಾಯಿ ಓರೆ ಆಗಿರೋದ್ರಿಂದ ಬರೋ ತೊದಲು ಉಚ್ಚಾರಣೇನೇ ಈಗ ಅವನ ಗುರುತು. ಹೀಗಾಗಿ ಇವರ ಹಾಡಿನ ವಸ್ತುವಿಗೆ ಭೂಗತ ಅನ್ನೋದು ಸರಿಯಾಗೇ ಹೊಂದುತ್ತೆ, ಇವರು ಹಾಡನ್ನ ಹೊರಗೆ ಬಿಡೋ ರೀತಿಗೆ ಹೊಂದಲ್ಲ. ಎರಡಕ್ಕೂ ಒಂದೇ ಪದ ಹಾಕಿದ್ರೆ ಓದುಗರಿಗೆ ಕಲಸುಮೇಲೋಗರ. ಸದ್ಯಕ್ಕೆ ‘ಅಂಡರ್‌ಗ್ರೌಂಡ್’ ಅಂತಲೇ ಕನ್ನಡ ಲಿಪೀಲಿ ಬಿಟ್ಟಿದೀನಿ. ‘ಪರ್ಯಾಯ’ ಅಂತ ಒಬ್ಬ ಫ್ರೆಂಡ್ ಹೇಳಿದ, ಅದು ಕೇಳಿದ್ರೆ ಫಿಲ್ಮ್ ಸೊಸೈಟಿ ವಾಸನೆ ಬರುತ್ತೆ. ಉಡುಪಿ ಕಡೆಯವರಿಗಂತೂ ಪರ್ಯಾಯ ಅಂದ್ರೆ ಮಠ.

‘ಸ್ಟ್ರೀಟ್’ ವಿಷ್ಯ ಬೇಗ ಮುಗಿಸ್ತೀನಿ. ಬೀದಿ ಅಂದ್ರೆ ನಮ್ಮಲ್ಲಿ ಬೀದಿ ನಾಟಕದ ಗೌರವಾನೂ ಇದೆ, ಬೀದಿ ರಂಪದ ಹೊಲಸೂ ಇದೆ, ರಥಬೀದಿಯ ಭಕ್ತೀನೂ ಇದೆ, ಆದ್ರೆ ‘ಅವನು ಸ್ಟ್ರೀಟ್‌ನಿಂದ ಬಂದವನು’ ಅಂದಾಗ ಅಲ್ಲಿಯವರಿಗೆ ಕೇಳಿಸೋ ಡ್ರಗ್ಸ್ ಮಾರೋ ಮೂಲೆ ಇದ್ಯಾವುದರಲ್ಲೂ ಇಲ್ಲ. ‘ಗಲ್ಲಿ’ ಹತ್ರ ಬರುತ್ತೆ, ಆದ್ರೆ ಅದನ್ನ ಮುಂಬೈ ಹುಡುಗರು ಆಗಲೇ ಹಿಡ್ಕೊಂಡಿದಾರೆ, ಗಲ್ಲಿ ರ‍್ಯಾಪ್ ಅಂದ್ರೆ ಈಗ ಧಾರಾವಿ, ಕುರ್ಲಾ, ಅಂಧೇರಿ. ನಾನು ಬೀದಿ ಅಂತಲೇ ಬರೆದು ಒಂದು ವಾಕ್ಯದ ವಿವರಣೆ ಕೊಡೋಣ ಅಂತಿದೀನಿ.

ಈಗ ‘ರಿವೈವಲ್’. ಪುನರುಜ್ಜೀವನ, ಪುನರುತ್ಥಾನ, ಮರುಹುಟ್ಟು, ಇವೆಲ್ಲಾ ಮೊದಲು ಒಂದು ಸಾವು ಕೇಳ್ತವೆ. ಇಲ್ಲಿ ಸತ್ತಿದ್ದು ಏನೂ ಇಲ್ಲ. 1993ರಲ್ಲಿ ಸ್ಟೇಟನ್ ಐಲೆಂಡಿನ ವು-ಟ್ಯಾಂಗ್ ಕ್ಲ್ಯಾನ್ ಅನ್ನೋ ರ‍್ಯಾಪ್ ತಂಡದ ಮೊದಲನೇ ಆಲ್ಬಮ್, 1995ರಲ್ಲಿ ಕ್ವೀನ್ಸ್‌ಬ್ರಿಜ್ ವಠಾರಗಳಿಂದ ಮಾಬ್ ಡೀಪ್ ಅನ್ನೋ ಜೋಡಿ, ಅದೇ ವರ್ಷ ವು-ಟ್ಯಾಂಗಿನ ರೇಕ್ವಾನ್ ಸೋಲೋ ಆಲ್ಬಮ್, ಇದನ್ನ ಆ ಶೈಲಿಯ ಉಚ್ಛ್ರಾಯ ಅನ್ನೋಣ. 2000ದ ಆಚೆ ಅಟ್ಲಾಂಟಾ ಕಡೆಯ ದಕ್ಷಿಣದ ರ‍್ಯಾಪ್ ರೇಡಿಯೋ ಪೂರ್ತಿ ಆವರಿಸ್ಕೊಳ್ತು, ನ್ಯೂಯಾರ್ಕಿನ ಕತ್ತಲೆ ಕತ್ತಲೆ ಬೀಟು ಹಳೇದಾಯ್ತು. ಹಂಗಂತ ನಿಂತಿರ್ಲಿಲ್ಲ. 2007ರಲ್ಲಿ ಮಾಬ್ ಡೀಪ್‌ನ ಪ್ರಾಡಿಜಿ ಮತ್ತೆ ಆಲ್ಕೆಮಿಸ್ಟ್ ಅನ್ನೋ ಪ್ರೊಡ್ಯೂಸರ್ (ಬೀಟ್ ಕಟ್ಟೋನು) ಸೇರಿ 70ರ ದಶಕದ ಸೋಲ್ ಅನ್ನೋ ಕಪ್ಪು ಅಮೆರಿಕನ್ನರ ಸಂಗೀತದ ತುಣುಕುಗಳ ಮೇಲೆ ಒಂದು ಆಲ್ಬಮ್ ಮಾಡಿದ್ರು, 2010ರಲ್ಲಿ ಲಾಂಗ್ ಐಲೆಂಡಿನ ರಾಕ್ ಮಾರ್ಸಿಯಾನೋ ಬೀಟೂ ಮಾತೂ ಎರಡೂ ತಾನೇ ಮಾಡಿ ‘ಮಾರ್ಕ್‌ಬರ್ಗ್’ ತಂದ. ಆಮೇಲೆ ಬಂದವರೆಲ್ಲ ಒಂದಲ್ಲ ಒಂದು ರೀತಿ ಆ ಆಲ್ಬಮ್ಮಿನ ಸಾಲಗಾರರೇ ಅಂತ ನಾನು ಹೇಳ್ತೀನಿ, ಒಪ್ಪದವರು ಜಗಳಕ್ಕೆ ಬರಬಹುದು. 2017ರಲ್ಲಿ ಎಮಿನೆಮ್‌ನ ಶೇಡಿ ರೆಕಾರ್ಡ್ಸ್ ವೆಸ್ಟ್‌ಸೈಡ್ ಗನ್ ಮತ್ತೆ ಕಾನ್ವೇ ಇಬ್ಬರನ್ನೂ ಸೈನ್ ಮಾಡ್ಕೊಳ್ತು, ದೊಡ್ಡ ಪತ್ರಿಕೆಗಳು ‘ರಿವೈವಲ್’ ಅಂತ ಬರೆಯೋಕೆ ಶುರು ಮಾಡಿದ್ದು ಹೆಚ್ಚುಕಮ್ಮಿ ಆವಾಗ. ಅಂದ್ರೆ ಬದಲಾಗಿದ್ದು ನೋಡೋರ ಕಣ್ಣು. ಕನ್ನಡದಲ್ಲಿ ಇದಕ್ಕೆ ಸರಿಯಾದ ಮಾತು ‘ಮುನ್ನೆಲೆಗೆ ಬಂದಿದ್ದು’ ಅನ್ಸುತ್ತೆ, ಹಿನ್ನೆಲೆಯಲ್ಲಿ ಇದ್ದೇ ಇತ್ತು ಅನ್ನೋದನ್ನೂ ಅದು ಒಟ್ಟಿಗೇ ಹೇಳುತ್ತೆ. ಇದಕ್ಕೆ ಯಾರಾದ್ರೂ ತಕರಾರು ಇದ್ರೆ ಹೇಳಿ.

ನಿಜವಾಗಿ ನಾನು ಕೇಳೋಕೆ ಬಂದಿದ್ದು ‘ಇನ್‌ಫ್ಲುಯೆನ್ಸ್’ ಬಗ್ಗೆ. ನಮ್ಮಲ್ಲಿ ‘ಅವನಿಗೆ ಇನ್‌ಫ್ಲುಯೆನ್ಸ್ ಇದೆ’ ಅಂದ್ರೆ ವಶೀಲಿ ಇದೆ ಅಂತ. ಪ್ರಭಾವಕ್ಕೂ ಅದೇ ಗತಿ, ಪ್ರಭಾವ ಬೀರಿ ಟ್ರಾನ್ಸ್‌ಫರ್ ಮಾಡಿಸ್ಕೊಂಡ್ರು, ಪ್ರಭಾವಿ ಮುಖಂಡರು, ಹೀಗೆ. ಸಾಹಿತ್ಯ ವಿಮರ್ಶೇಲಿ ‘ಪೂರ್ವಸೂರಿಗಳು’ ಅಂತಾರೆ, ಕ್ವೀನ್ಸ್‌ಬ್ರಿಜ್ ಹುಡುಗರಿಗೆ ಆ ಪದ ಹಾಕಿದ್ರೆ ಅವರಿಗೆ ಶಾಲು ಹೊದಿಸಿದ ಹಾಗಿರುತ್ತೆ. ‘ಗರಡಿ’ ನನಗೆ ಇಷ್ಟ, ಇಂಥವರ ಗರಡೀಲಿ ಪಳಗಿದವನು ಅನ್ನೋದು ಚೆನ್ನಾಗಿ ಕೂರುತ್ತೆ, ಆದ್ರೆ ಗರಡಿ ಅಂದ್ರೆ ಎದುರಿಗೆ ಕೂತು ಕಲಿತಿರಬೇಕು. ಬಫಲೋ ಹುಡುಗರು ವು-ಟ್ಯಾಂಗನ್ನ ಕಲಿತಿದ್ದು ಕ್ಯಾಸೆಟ್ಟಿಂದ, ಬಫಲೋ ಇರೋದು ಈರೀ ಸರೋವರದ ದಡದಲ್ಲಿ, ನ್ಯೂಯಾರ್ಕ್ ಸಿಟಿಯಿಂದ ಕಾರಲ್ಲಿ ಆರೇಳು ಗಂಟೆ ದಾರಿ.

ಅಷ್ಟೇ ಅಲ್ಲ, ಇಲ್ಲಿ ಪ್ರಭಾವ ಅನ್ನೋದು ಬರೀ ಮನುಷ್ಯರದ್ದಲ್ಲ. ಒಂದು ಮಷೀನ್ ಇದೆ, ಎಸ್‌ಪಿ-1200 ಅಂತ, 1987ರದ್ದು, ಹಳೇ ಹಾಡಿನ ತುಣುಕು ಹಿಡಿದಿಟ್ಟು ಬೀಟ್ ಕಟ್ಟೋಕೆ. ಅದರಲ್ಲಿ ಒಟ್ಟು ಹಿಡಿಸ್ತಿದ್ದ ಧ್ವನಿ ಹತ್ತೇ ಸೆಕೆಂಡು ಚಿಲ್ಲರೆ. ಹತ್ತು ಸೆಕೆಂಡಲ್ಲಿ ಇಡೀ ಬೀಟಿನ ಸಾಮಾನು ತುಂಬಿಸ್ಬೇಕಲ್ಲ, ಅದಕ್ಕೆ ಏನ್ಮಾಡ್ತಿದ್ರು ಅಂದ್ರೆ 33 ಸ್ಪೀಡಿನ ಹಳೇ ಎಲ್‌ಪಿ ರೆಕಾರ್ಡನ್ನ 45ರಲ್ಲಿ ಓಡಿಸಿ ಬೇಗಬೇಗ ಒಳಗೆ ತುಂಬ್ಕೊಂಡು, ಆಮೇಲೆ ಮಷೀನ್ ಒಳಗೆ ಅದನ್ನ ಮತ್ತೆ ನಿಧಾನ ಮಾಡ್ತಿದ್ರು. ಹಾಗೆ ಮಾಡಿದಾಗ ಧ್ವನಿ ಸವೆದು, ಅಂಚು ಒಡೆದು ಗರಗರ ಅನ್ನುತ್ತೆ. ದುಡ್ಡು, ಜಾಗ ಉಳಿಸೋಕೆ ಮಾಡಿದ ಜುಗಾಡು, ಈಗ ಲ್ಯಾಪ್‌ಟಾಪಲ್ಲಿ ಗಂಟೆಗಟ್ಟಲೆ ಆಡಿಯೋ ಹಿಡಿಸ್ತಿದ್ರೂ ಹುಡುಗರು ಆ ಗರಗರಾನ ಬೇಕೂಂತ ಹಾಕ್ತಾರೆ. ಇಂಗ್ಲಿಷಲ್ಲಿ ‘ದೂಳು ಹಿಡಿದ ಬೀಟ್’ ಅನ್ನೋ ಅರ್ಥದ ಮಾತು ಹೊಗಳಿಕೆ, ನಮ್ಮಲ್ಲಿ ದೂಳು ಎಬ್ಬಿಸಿದ್ರೆ ಹಿಟ್ಟು, ದೂಳು ಹಿಡಿದ್ರೆ ಫ್ಲಾಪು, ಏನ್ ಮಾಡೋದು ಹೇಳಿ.

ಕೋರ್ಟಿಂದೂ ಒಂದು ಪಾಲಿದೆ. 1991ರಲ್ಲಿ ಬಿಜ್ ಮಾರ್ಕಿ ಅನ್ನೋ ರ‍್ಯಾಪರ್, ಗಾಯಕ ಗಿಲ್ಬರ್ಟ್ ಓಸಲಿವನ್‌ನ ಹಾಡಿನ ತುಣುಕನ್ನ ಅನುಮತಿ ಇಲ್ದೇ ಬಳಸಿದ ಕೇಸಲ್ಲಿ ನ್ಯೂಯಾರ್ಕಿನ ಜಡ್ಜು ಬೈಬಲ್ಲಿನ ‘ಕದಿಯಬೇಡ’ ಅನ್ನೋ ಕಟ್ಟಳೆಯಿಂದಲೇ ತೀರ್ಪು ಶುರು ಮಾಡಿದ್ರು. ಅಲ್ಲಿಂದಾಚೆ ದೊಡ್ಡ ಕಂಪನಿಗಳಿಗೆ ಪ್ರತಿ ತುಣುಕಿಗೂ ಪರ್ಮಿಶನ್ನು, ದುಡ್ಡು, ವಕೀಲರು. ರೇಡಿಯೋ ರ‍್ಯಾಪ್ ಕೀಬೋರ್ಡ್ ಕಡೆ ವಾಲಿದ್ದಕ್ಕೆ ಇದೂ ಒಂದು ಕಾರಣ. ಆದ್ರೆ ಕೆಲವೇ ನೂರು ಎಲ್‌ಪಿ ಒತ್ತಿ, ಸ್ವಂತ ವೆಬ್‌ಸೈಟಲ್ಲಿ ದುಬಾರಿ ರೇಟಿಗೆ ಮಾರೋ ಹುಡುಗರ ಮೇಲೆ ಆ ವಕೀಲರ ಕಣ್ಣು ಬೀಳೋದು ಕಮ್ಮಿ. ಅದಕ್ಕೇ ಹಳೇ ಸೋಲ್ ಹಾಡನ್ನ ಕತ್ತರಿಸ್ದೇ ಪೂರ್ತಿ ಲೂಪ್ ಹಾಕೋ (ಅದನ್ನೇ ಮತ್ತೆ ಮತ್ತೆ ಸುತ್ತಿಸೋ) ಧೈರ್ಯ ಇವರಿಗೆ ಉಳೀತು. ಅಂದ್ರೆ ಮಾರಾಟದ ರೀತಿಯೇ ಸಂಗೀತದ ಮೇಲೆ ಕೈಯಾಡಿಸಿದೆ. ಮಾರ್ಸಿಯಾನೋ ಕೆಲವು ಆಲ್ಬಮ್ ಮೊದಲು ತನ್ನ ಸೈಟಲ್ಲಿ ಮಾರಿ ಆಮೇಲೆ ಸ್ಟ್ರೀಮಿಂಗಿಗೆ ಬಿಟ್ಟ. ಇಷ್ಟೆಲ್ಲಾನೂ ‘ಪ್ರಭಾವ’ ಅನ್ನೋ ಒಂದೇ ಚೀಲದಲ್ಲಿ ತುಂಬೋಕೆ ನನಗೆ ಮನಸ್ಸಿಲ್ಲ. ಹಿರಿಯರಿಂದ ಬಂದಿದ್ದಕ್ಕೆ ‘ಮಟ್ಟು’ ಅನ್ಬಹುದಾ? ವು-ಟ್ಯಾಂಗ್ ಮಟ್ಟಿನಲ್ಲಿ, ಅಂದ್ರೆ ಅವರ ಧಾಟೀಲಿ, ಕಟ್ಟಿದ ಹಾಡು ಅಂತ. ಮಷೀನು, ಕೋರ್ಟು, ಮಾರುಕಟ್ಟೆಗೆ ‘ಒತ್ತಡ’ ಸಾಕಾ, ಇನ್ನೇನಾದ್ರೂ ಇದೆಯಾ?

ಪ್ರಾಂತ್ಯದ ಶೈಲಿಗೆ ಯಕ್ಷಗಾನದವರ ‘ತಿಟ್ಟು’ ಕಡ ತಗೊಳ್ಳೋ ಆಸೆ ಇದೆ. ಈಸ್ಟ್ ಕೋಸ್ಟ್, ವೆಸ್ಟ್ ಕೋಸ್ಟ್ ಅಂತ ಅವರು ಕಿತ್ತಾಡೋದು ನೋಡಿದ್ರೆ ಮೂಡಲಪಾಯ, ಪಡುವಲಪಾಯ ಅಂತಲೇ ಬರೆದ್ಬಿಡೋಣ ಅನ್ಸುತ್ತೆ, ಬಯಲಾಟದವರು ನನ್ನ ಹೊಡೆಯದಿದ್ರೆ ಸಾಕು.

ಇನ್ನೊಂದು ಸಣ್ಣ ಪದ, ಇದು ನನಗೆ ತುಂಬ ಖುಷಿ ಕೊಟ್ಟಿದ್ದು. ಈ ಹಾಡುಗಳಲ್ಲಿ ಒಬ್ಬರನ್ನೊಬ್ಬರು ‘ಗಾಡ್’ ಅಂತ ಕರೀತಾರೆ. ಅದು ಸುಮ್ನೆ ಬಿಲ್ಡಪ್ ಅಲ್ಲ, 1964ರಲ್ಲಿ ಹಾರ್ಲೆಮ್‌ನಲ್ಲಿ ಹುಟ್ಟಿದ ಫೈವ್ ಪರ್ಸೆಂಟ್ ನೇಷನ್ ಅನ್ನೋ ಪಂಥದ್ದು. ಕಪ್ಪು ಗಂಡಸೇ ದೇವರು ಅಂತ ಅವರ ನಂಬಿಕೆ, ವು-ಟ್ಯಾಂಗಿನವರ ಮಾತಿನ ತುಂಬಾ ಅದೇ ಭಾಷೆ. ರ‍್ಯಾಪರುಗಳು ಸುತ್ತ ನಿಂತು ಸರದಿ ಮೇಲೆ ಹಾಡೋದಕ್ಕೆ ‘ಸೈಫರ್’ ಅಂತಾರಲ್ಲ, ಅದೂ ಅಲ್ಲಿಂದಲೇ, ಅವರ ಲೆಕ್ಕದಲ್ಲಿ ಸೈಫರ್ ಅಂದ್ರೆ ಸೊನ್ನೆ, ವೃತ್ತ. ವೆಸ್ಟ್‌ಸೈಡ್ ಗನ್ ತನ್ನನ್ನ ಫ್ಲೈಗಾಡ್ ಅಂತ ಕರ್ಕೊಳ್ಳೋದರ ಬೇರು ಈ ರೂಢಿಯಲ್ಲಿದೆ. ಇದನ್ನ ‘ಭಗವಂತ’, ‘ಪರಮಾತ್ಮ’ ಅಂತ ತಂದ್ರೆ ಭಕ್ತಿಗೀತೆ ಆಗ್ಹೋಗುತ್ತೆ. ಆದ್ರೆ ನಮ್ಮ ಬೆಂಗಳೂರು, ಮಂಡ್ಯ ಕಡೆ ಹುಡುಗರು ‘ಏನ್ ದೇವ್ರು, ಊಟ ಆಯ್ತಾ’ ಅಂತಾರಲ್ಲ, ಆ ‘ದೇವ್ರು’ ಅಳತೆ ಮಾಡಿ ಹೊಲಿದ ಹಾಗೆ ಕೂರುತ್ತೆ. ಪಂಥದ ಅರ್ಥ ಪೂರ್ತಿ ಬರಲ್ಲ ಅನ್ನೋದು ಗೊತ್ತು, ಅದಕ್ಕೆ ಒಂದು ಸಾಲು ಸೇರಿಸ್ತೀನಿ.

ಧ್ವನಿ ಅನುಕರಣೆ ವಿಷ್ಯದಲ್ಲಿ ಕನ್ನಡಕ್ಕೆ ಕಷ್ಟಾನೇ ಇಲ್ಲ. ‘ಬೂಮ್ ಬ್ಯಾಪ್’ ಅನ್ನೋ ಶೈಲಿಯ ಹೆಸರೇ ಡ್ರಮ್ ಸದ್ದು, ಬೂಮ್ ಅಂದ್ರೆ ಕಿಕ್ಕು (ಕಾಲಲ್ಲಿ ಬಾರಿಸೋ ದೊಡ್ಡ ಡ್ರಮ್ಮು), ಬ್ಯಾಪ್ ಅಂದ್ರೆ ಸ್ನೇರು (ಕೋಲಲ್ಲಿ ಬಾರಿಸೋ ಸಣ್ಣದು), 1993ರ ಕೆಆರ್‌ಎಸ್-ಒನ್ ಅನ್ನೋ ರ‍್ಯಾಪರ್ ಆಲ್ಬಮ್ ಟೈಟಲಲ್ಲೂ ಇದೆ. ‘ಡಂಕಣಕ’ ಅನ್ನೋ ನಾಡಲ್ಲಿ ಇದಕ್ಕೆ ಅನುವಾದ ಯಾಕೆ, ಹಾಗೇ ಇರ್ಲಿ. ಸಿಕ್ಕಾಕ್ಕೊಂಡಿರೋದು ಅದರ ವಿರುದ್ಧದ ‘ಡ್ರಮ್‌ಲೆಸ್’ನಲ್ಲಿ. ಮಾರ್ಸಿಯಾನೋ, ಕಾ ಇವರ ಎಷ್ಟೋ ಹಾಡಲ್ಲಿ ಡ್ರಮ್ಮೇ ಇಲ್ಲ, ಇಲ್ಲಾಂದ್ರೆ ಹಳೇ ರೆಕಾರ್ಡಿನೊಳಗೆ ಮಸುಕಾಗಿ ಕೇಳೋದಷ್ಟೇ, ಲೂಪ್ ಸುತ್ತುತ್ತಿರುತ್ತೆ, ಮಾತು ಅದರ ಮೇಲೆ ತನ್ನದೇ ನಡೆಯಲ್ಲಿ ಹೋಗುತ್ತೆ. ‘ತಾಳವಿಲ್ಲದ’ ಅಂದ್ರೆ ತಪ್ಪು, ಲೆಕ್ಕ ಇರುತ್ತೆ, ಅದನ್ನ ಬಡಿದು ತೋರಿಸೋರು ಇರಲ್ಲ. ‘ತಾಳವಾದ್ಯರಹಿತ’ ಅಂದ್ರೆ ಆಕಾಶವಾಣಿ ಅನೌನ್ಸ್‌ಮೆಂಟ್ ಥರ ಕೇಳುತ್ತೆ. ಗಮಕದಲ್ಲಿ ತಾಳವಾದ್ಯ ಇಲ್ಲದೇನೇ ಪದ್ಯದ ಛಂದಸ್ಸು ಕಿವಿಗೆ ಬೀಳೋ ಹಾಗೆ ಓದ್ತಾರಲ್ಲ, ಕಾ ಹಾಡೋದು ಕೇಳಿದ್ರೆ ನನಗೆ ಅದೇ ನೆನಪಾಗುತ್ತೆ, ಮೆಲುದನಿ, ಅವಸರ ಇಲ್ಲ, ಪ್ರಾಸ ಒಳಗೊಳಗೇ ಹೆಣ್ಕೊಂಡಿರುತ್ತೆ. ಗಮಕ ಕಲಿತವರು ಅಂಥ ಓದಿಗೆ ತಮ್ಮತಮ್ಮಲ್ಲಿ ಏನಂತಾರೆ? ಗುರುಗಳು ಪಾಠ ಹೇಳುವಾಗ ಬಳಸೋ ಮಾತು ಏನಾದ್ರೂ ಇದ್ರೆ ದಯವಿಟ್ಟು ತಿಳಿಸಿ, ನಿಘಂಟಿನ ಪದ ಬೇಡ.

ಹಾಗೇ ‘ಮಟ್ಟು’ ಅನ್ನೋದು ಹಳೇ ಮೈಸೂರು ಕಡೆ ಇವತ್ತಿನ ಹುಡುಗರಿಗೆ ಅರ್ಥ ಆಗುತ್ತಾ, ಅಥವಾ ಭಜನೆ, ಯಕ್ಷಗಾನ, ಕಂಪನಿ ನಾಟಕದವರಿಗೆ ಮಾತ್ರ ಗೊತ್ತಾ? ಧಾರವಾಡ, ಗದಗ ಕಡೆಯವರು ಯಾರಾದ್ರೂ ಇದ್ರೆ ನಿಮ್ಮ ಕಡೆ ಇದಕ್ಕೆ ಏನಂತೀರಿ ಅದನ್ನೂ ಬರೀರಿ.