ಸಹಾಯ ಬೇಕು: 120 ವೋಲ್ಟ್ ಚಾರ್ಜರ್ ನಮ್ಮ ಕರೆಂಟಿಗೆ ಹಾಕಬಹುದಾ?

ಎಲ್ಲರಿಗೂ ನಮಸ್ಕಾರ. ನಾನು ಜಮಖಂಡಿಯಲ್ಲಿ ಬಡಿಗತನ ಮಾಡುತ್ತೇನೆ. ಅಕ್ಕನ ಮಗ ಅಮೆರಿಕದಿಂದ ಬರುವಾಗ ನನಗಂತ ಬ್ಯಾಟರಿ ಡ್ರಿಲ್ ತಂದಿದ್ದಾನೆ. ಚಾರ್ಜರಿನ ತಳದಲ್ಲಿ ಸಣ್ಣ ಅಕ್ಷರದಲ್ಲಿ ‘120 ವೋಲ್ಟ್, 60 ಹರ್ಟ್ಸ್, 85 ವ್ಯಾಟ್’ ಅಂತ ಇದೆ. ಮೊಬೈಲ್ ಚಾರ್ಜರ್ ಮೇಲೆ ಇರುತ್ತಲ್ಲ, ‘100-240’, ಅಂದರೆ ಅಷ್ಟರೊಳಗಿನ ಯಾವ ವೋಲ್ಟಿಗೂ ನಡೆಯುತ್ತೆ ಅಂತ, ಅದು ಇದರಲ್ಲಿ ಇಲ್ಲ. ನಮ್ಮಲ್ಲಿ 230 ವೋಲ್ಟ್, 50 ಹರ್ಟ್ಸ್ (ಕರೆಂಟ್ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಹರಿಯುತ್ತೆ ಅಂತ). ಹಾಗಾಗಿ ಇನ್ನೂ ಹಾಕಿಲ್ಲ.

ಬಜಾರಿನ ಒಂದು ಅಂಗಡಿಯವರು ಪಿನ್ ಅಡಾಪ್ಟರ್ ಕೊಟ್ಟು ‘ಏನೂ ಆಗಲ್ಲ, ಹಾಕ್ರಿ’ ಅಂದರು. ಅದು ಪಿನ್ನಿನ ಆಕಾರ ಬದಲಿಸುತ್ತೆ ಅಷ್ಟೇ, ವೋಲ್ಟೇಜ್ ಇಳಿಸಲ್ಲ ಅಲ್ವಾ? ವಾಪಸ್ ಕೊಟ್ಟು ಬಂದೆ. ಆಮೇಲೆ ಬೆಳಗಾವಿಗೆ ಹೋದಾಗ 230ರಿಂದ 110ಕ್ಕೆ ಇಳಿಸುವ 200 ವ್ಯಾಟಿನ ಟ್ರಾನ್ಸ್‌ಫಾರ್ಮರ್ ತಂದೆ. ಮೀಟರ್ ಹಿಡಿದು ನೋಡಿದರೆ ಹಗಲು 112 ತೋರಿಸುತ್ತೆ. ಸಂಜೆ ಊರಿಗೆಲ್ಲ ಲೋಡ್ ಬಿದ್ದಾಗ 98ಕ್ಕೆ ಇಳಿಯುತ್ತೆ.

ನಾನು ಸಿಕ್ಕಿಹಾಕಿಕೊಂಡಿರುವುದು ಇಲ್ಲೇ. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸಿದರೂ ಹರ್ಟ್ಸ್ 50 ಆಗೇ ಉಳಿಯುತ್ತೆ. ಚಾರ್ಜರ್ ಒಳಗೂ ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಇದ್ದರೆ 50 ಹರ್ಟ್ಸಿಗೆ ಜಾಸ್ತಿ ಬಿಸಿಯಾಗುತ್ತೆ. ಎಲೆಕ್ಟ್ರಾನಿಕ್ ಸರ್ಕ್ಯೂಟ್ ಆದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ನನ್ನ ಚಾರ್ಜರ್ ಕೈಗೆ ಹಗುರ, ಹಾಗಾಗಿ ಒಳಗೆ ಕಬ್ಬಿಣದ್ದು ಇರಲಿಕ್ಕಿಲ್ಲ ಅನಿಸುತ್ತೆ. ಸ್ಕ್ರೂ ನಕ್ಷತ್ರದ ಆಕಾರದ್ದು, ಬಿಚ್ಚಲು ಆಗಿಲ್ಲ. ಬ್ಯಾಟರಿ ಲಿಥಿಯಂದು, ಅಂಗಡಿ ತುಂಬ ಕಟ್ಟಿಗೆ ಹೊಟ್ಟು. ಒಂದು ಕಿಡಿ ಸಾಕು. ಅದಕ್ಕೇ ಸುಮ್ನೆ ಹಾಕಿ ನೋಡೋ ಧೈರ್ಯ ಇಲ್ಲ.

ಬಿಚ್ಚದೆ ಒಳಗೆ ಯಾವುದಿದೆ ಅಂತ ಪತ್ತೆ ಮಾಡುವುದು ಹೇಗೆ? ಹಗುರ ಇದೆ ಅನ್ನೋದನ್ನ ನಂಬಬಹುದಾ? ಸಂಜೆ 98 ವೋಲ್ಟ್ ಇದ್ದಾಗ ಚಾರ್ಜಿಗೆ ಹಾಕಬಹುದಾ, ಇಲ್ಲ ಸ್ಟೆಬಿಲೈಜರ್ ಬೇಕಾ? ಇಂಥದ್ದೇ ಚಾರ್ಜರ್ ಇಲ್ಲಿ ಬಳಸಿದವರು ದಯವಿಟ್ಟು ಹೇಳಿ.